ಅಣ್ಣನ ಟ್ರಕ್ಕಿಗೆ ಒಡೆದ ತೆಂಗಿನಕಾಯಿ

ಇವತ್ತು ಬೆಳಗ್ಗೆ ನನ್ನ ಹೆಂಡತಿ ಮೊಣಕಾಲಿಗೆ ಹಚ್ಚಿಕೊಳ್ಳಲೆಂದು ಸಣ್ಣ ಬಟ್ಟಲಲ್ಲಿ ಔಡಲ ಎಣ್ಣೆ ಬಿಸಿಗಿಟ್ಟಿದ್ದಳು. ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಚಹಾ ಬಿಟ್ಟೆದ್ದು ಕಿಟಕಿ ತೆರೆದೆ.

“ಎಣ್ಣಿ ವಾಸನಿಗಿ ಯಾರರ ಹಿಂಗ ಹೆದರ್ತಾರೇನ್ರಿ?” ಎಂದು ಅವಳು ನಕ್ಕಳು.

ನಿಮಗೂ ನಗು ಬಂದೀತು. ಆದರೆ ಈ ವಾಸನೆಗೆ ಒಂದಿಷ್ಟು ಹೊಗೆ ಬೆರೆತರೆ ಅದು ನನ್ನ ಅಣ್ಣನ ಟ್ರಕ್ಕಿನ ವಾಸನೆ. ಎರಡು ವರ್ಷದ ಹಿಂದೆ ಆ ಟ್ರಕ್ಕಿನ ಹೊಗೆ ಬಿಡಿಸಲು ಹೋಗಿ ನಾನು ಅಣ್ಣನ ಜೀವಕ್ಕೇ ಮುಳುವಾಗುವುದರಲ್ಲಿದ್ದೆ.

ಟ್ರಕ್ಕೆಂದರೆ ಹೆದ್ದಾರಿಯ ಲಾರಿ ಅಂದುಕೊಳ್ಳಬೇಡಿ. ಮೊಳದುದ್ದದ್ದು, ರಿಮೋಟಿನಲ್ಲಿ ಓಡಿಸುವಂಥದ್ದು. ಆದರೂ ಅದರ ಹೊಟ್ಟೆಯಲ್ಲಿ ನಿಜವಾದ ಎಂಜಿನ್ ಇತ್ತು. ಔಡಲ ಎಣ್ಣೆ ಬೆರೆಸಿದ ಅದೆಂಥದೋ ನೈಟ್ರೋ ಇಂಧನ ಕುಡಿದು, ನೀಲಿ ಹೊಗೆ ಬಿಟ್ಟು, ಕಿವಿ ಕಿತ್ತುಹೋಗುವಂತೆ ಚೀರುತ್ತಿತ್ತು. ಅಣ್ಣ ಅದನ್ನು ಹೈದರಾಬಾದಿನಿಂದ ಸೆಕೆಂಡ್ ಹ್ಯಾಂಡ್ ತಂದಿದ್ದ. ಹುಮನಾಬಾದಿನ ಗಂಜ್ ಮಾರುಕಟ್ಟೆಯಲ್ಲಿ ಅವನದು ಕಾಳುಕಡಿಯ ಅಡತಿ ಅಂಗಡಿ; ವಾರವಿಡೀ ತೊಗರಿ, ಹೆಸರು, ಅವುಗಳ ಧೂಳು. ಐತವಾರ ಮಾತ್ರ ಟ್ರಕ್ಕು. ಐವತ್ತು ದಾಟಿದ ಮನುಷ್ಯ ಹುಬ್ಬು ಗಂಟಿಕ್ಕಿಕೊಂಡು ರಿಮೋಟ್ ಹಿಡಿದು ನಿಲ್ಲುವುದನ್ನು ನೋಡಿ ನಾನು ಎಷ್ಟೋ ಸಲ ಚೇಷ್ಟೆ ಮಾಡಿದ್ದೇನೆ.

ಚೇಷ್ಟೆ ನಿಂತದ್ದು ಅಣ್ಣನ ಹೆಂಡತಿ, ನಮ್ಮ ವೈನಿಯ ಫೋನ್ ಬಂದ ದಿನ. ಅಣ್ಣನಿಗೆ ಮೊದಲಿನಿಂದ ಉಬ್ಬಸದ ದಮ್ಮು. ಆ ವರ್ಷ ಅದು ಜೋರಾಗಿ, ಹೊಗೆಯ ಹತ್ತಿರ ಸುಳಿಯಲೇ ಕೂಡದೆಂದು ಡಾಕ್ಟರು ಹೇಳಿದ್ದರು.

“ತಮ್ಮಾ, ನಿಮ್ಮ ಅಣ್ಣಾವ್ರಿಗಿ ನೀವೇ ಹೇಳ್ರಿ,” ಎಂದರು ವೈನಿ. “ಎಡಗೈಲಿ ದಮ್ಮಿನ ಪಂಪ್ ಬಾಯಿಗಿ ಹೊಡ್ಕೊಂತಾರ, ಬಲಗೈಲಿ ಆ ಎಂಜಿನ್ನಿನ ಹಗ್ಗ ಜಗ್ತಾರ. ನನಗಂತೂ ಸಾಕಾಗ್ಯದ.”

ಬಸವಕಲ್ಯಾಣದಲ್ಲಿ ನನ್ನದು ಮೋಟರ್ ಸುತ್ತುವ ಅಂಗಡಿ. ಸುಟ್ಟುಹೋದ ಬೋರ್‌ವೆಲ್ ಮೋಟರುಗಳಿಗೆ ಮರುಜನ್ಮ ಕೊಡುವ ನನಗೆ ನಿಂಬೆಹಣ್ಣಿನಷ್ಟು ಮೋಟರ್ ಯಾವ ಲೆಕ್ಕ ಎಂಬ ಸೊಕ್ಕು ಬೇರೆ. ಬ್ಯಾಟರಿಯ ಮೇಲೆ ಓಡುವ ಹಾಗೆ ಮಾಡಿಕೊಡುತ್ತೇನೆ, ಹೊಗೆ ಬಿಲ್ಕುಲ್ ಇರುವುದಿಲ್ಲ ಎಂದು ಅಣ್ಣನಿಗೆ ಹೇಳಿದೆ.

“ಅವಾಜ್ ಇಲ್ಲದ್ದು ಅದೇನ್ ಗಾಡೀಲೇ?” ಎಂದ ಅಣ್ಣ. ಆಮೇಲೆ, “ಒಂದ್ ಸಲ ಓಡ್ಸಿ ನೋಡ್ತೀನಿ. ಮನಸಿಗಿ ಬರ್ಲಿಲ್ಲಂದ್ರ ಎಂಜಿನ್ ವಾಪಸ್ ಕೂಡಸ್ಬೇಕು. ಮತ್ತ ಯಾರೂ ಬಾಯಿ ತೆಗೀಬಾರ್ದು.”

ಒಪ್ಪಿಕೊಂಡೆ. ಒಂದೇ ಓಟದಲ್ಲಿ ಅವನ ಮನಸ್ಸು ಗೆಲ್ಲದಿದ್ದರೆ ಆ ಹೊಗೆ ಮತ್ತೆ ಶುರು ಎಂಬ ಹೆದರಿಕೆಯಿಂದ ಹದಿನೈದು ದಿನ ಸರಿಯಾಗಿ ಊಟ ಸೇರಲಿಲ್ಲ. ಎಂಜಿನ್, ಟ್ಯಾಂಕು, ಹೊಗೆ ಕೊಳವೆ ಎಲ್ಲ ಬಿಚ್ಚಿದೆ. ಆ ಜಾಗಕ್ಕೆ ಮೋಟರ್ ಕೂರಿಸಲು ಲೇತಿನಲ್ಲಿ ತಗಡು ಕೊರೆಸಿದೆ. ಎರಡು ಗೇರಿನ ಹಲ್ಲುಗಳ ನಡುವೆ ಒಂದು ಕಾಗದ ಹಿಡಿಸುವಷ್ಟೇ ಸಂದು ಬಿಡಬೇಕು. ಹೆಚ್ಚಾದರೆ ಹಲ್ಲು ಮುರಿಯುತ್ತದೆ, ಕಡಿಮೆಯಾದರೆ ಮೋಟರ್ ಕಾಯುತ್ತದೆ. ಜೇಬಿನಲ್ಲಿ ಹುಮನಾಬಾದಿನ ಬಸ್ ಟಿಕೆಟ್ ಇತ್ತು, ಅದನ್ನೇ ಇಟ್ಟು ಅಳತೆ ನೋಡಿದೆ. ಇಷ್ಟೆಲ್ಲ ಜಾಣತನ ಮಾಡಿದವನು ಕೊನೆಗೆ ಎಲ್ಲಿ ಮುಗ್ಗರಿಸಿದೆ ಕೇಳಿ.

ಹುಮನಾಬಾದಿನಿಂದ ಹುಡಗಿ ಎಂಬ ಊರಿಗೆ ಹೋಗುವ ದಾರಿಯಲ್ಲಿ ಒಂದು ಖಾಲಿ ಲೇಔಟ್ ಇದೆ. ಮನೆ ಒಂದೂ ಇಲ್ಲ, ಪ್ಲಾಟಿನ ಕಲ್ಲುಗಳು ಮಾತ್ರ. ಅಲ್ಲಿ ಟ್ರಕ್ಕು ಇಳಿಸಿದೆವು. ಅಣ್ಣ ಅದನ್ನು ಪರರ ಮನೆಯ ಕೂಸಿನಂತೆ ನೋಡುತ್ತಿದ್ದ. ನನಗೆ ತಡೆಯಲಾಗಲಿಲ್ಲ. ಪ್ರತಿ ದಸರೆಗೂ ಅವನು ಅದಕ್ಕೆ ಕುಂಕುಮ ಹಚ್ಚಿ, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು, ಕಾಯಿ ಒಡೆದು ನೀರು ಮೇಲೆ ಸುರಿಯುತ್ತಿದ್ದ. ಅದೇ ಪೂಜೆ ಮಾಡಿದರೆ ಅದೇ ಟ್ರಕ್ಕು ಅನ್ನಿಸೀತು ಎಂದುಕೊಂಡು ಹೊರಡುವಾಗಲೇ ಕಾಯಿ, ನಿಂಬೆಹಣ್ಣು ಕಟ್ಟಿಕೊಂಡು ಬಂದಿದ್ದೆ. ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು, ಕಾಯಿಯನ್ನು ಕಲ್ಲಿಗೆ ಹೊಡೆದು, ನೀರನ್ನು ಭಕ್ತಿಯಿಂದ ಟ್ರಕ್ಕಿನ ನೆತ್ತಿಯ ಮೇಲೆ ಸುರಿದೆ. ಕಬ್ಬಿಣದ ಎಂಜಿನ್ ಆ ನೀರನ್ನು ವರ್ಷವರ್ಷವೂ ಜೀರ್ಣಿಸಿಕೊಂಡಿತ್ತು. ಈಗ ಆ ಹೊದಿಕೆಯ ಕೆಳಗಿದ್ದದ್ದು ನಾನೇ ಕೂರಿಸಿದ ವೈರು, ವೇಗ ಹಿಡಿತದಲ್ಲಿಡುವ ಸರ್ಕ್ಯೂಟು, ಬ್ಯಾಟರಿ. ಒದ್ದೆ ಕೈಯಲ್ಲಿ ಸ್ಟಾರ್ಟರ್ ಡಬ್ಬಿ ಮುಟ್ಟಬೇಡಿ ಎಂದು ಊರಿನ ರೈತರಿಗೆಲ್ಲ ಬೈಯುವವನು ನಾನು!

ನಿಂಬೆಹಣ್ಣು ಚಪ್ಪಟೆಯಾಯಿತು, ಟ್ರಕ್ಕು ಹಾರಿತು. ಸದ್ದೇ ಇಲ್ಲ, ಬರೀ ಮಣ್ಣು ಸಿಡಿಯುವ ಸಪ್ಪಳ. ಒಂದು ಸುತ್ತು ಹಾಕಿತು. ಅಣ್ಣನ ಹುಬ್ಬು ಸಡಿಲಾಯಿತು. ಎರಡನೇ ಸುತ್ತಿಗೆ ಅವನು ಬ್ರೇಕ್ ಒತ್ತಿದ.

“ನಿಂದ್ರವಲ್ದಲೇ!”

ಒತ್ತಿದಷ್ಟೂ ಅದು ಜೋರಾಯಿತು. ನೇರ ಹೋಗಿ ಪ್ಲಾಟಿನ ಕಲ್ಲಿಗೆ ಬಡಿದು ಮಗುಚಿತು. ಚಕ್ರಗಳು ಆಕಾಶ ನೋಡುತ್ತ ತಿರುಗುತ್ತಲೇ ಇದ್ದವು. ಅಣ್ಣ ರಿಮೋಟ್ ಬಿಸಾಕಿ ಅದರ ಕಡೆ ಓಡಿದ. ಅಷ್ಟರಲ್ಲಿ ಬ್ಯಾಟರಿ ಉಬ್ಬಿ ಬೆಳ್ಳಗೆ ಹೊಗೆ ಉಗುಳತೊಡಗಿತು.

“ಅಣ್ಣಾ, ನಿಂದ್ರು! ಹೊಗಿ!”

ಅವನು ನಿಲ್ಲಲಿಲ್ಲ. ಹಿಂದಿನಿಂದ ಹೋಗಿ ನಡು ಹಿಡಿದು, ಗಾಳಿ ಬರುವ ಕಡೆಗೆ ದರದರ ಎಳೆದೆ. ಇಬ್ಬರೂ ಮಣ್ಣಲ್ಲಿ ಬಿದ್ದೆವು. ಪಂಪ್ ಅವನ ಜೇಬಿನಲ್ಲೇ ಇತ್ತು. ತೆಗೆದು ಅವನ ಬಾಯಿಗಿಟ್ಟು ಒತ್ತಿದೆ.

ಚಕ್ರಗಳು ನಿಂತವು. ಆಗ ಕೇಳಿಸಿತು ಅಣ್ಣನ ಉಸಿರು. ಪಂಕ್ಚರಾದ ಟ್ಯೂಬು ನೀರಲ್ಲಿ ಮುಳುಗಿಸಿದ ಹಾಗೆ, ಬಿಟ್ಟು ಬಿಟ್ಟು. ಎಷ್ಟು ವರ್ಷ ಅವನ ಪಕ್ಕ ನಿಂತಿದ್ದೆ! ಆ ಎಂಜಿನ್ನಿನ ಗದ್ದಲದಲ್ಲಿ ಒಂದು ದಿನವೂ ಇದು ನನ್ನ ಕಿವಿಗೆ ಬಿದ್ದಿರಲಿಲ್ಲ. ನಾನು ಚೇಷ್ಟೆ ಮಾಡುತ್ತಿದ್ದಾಗಲೂ ಅವನು ಹೀಗೆಯೇ ಉಸಿರಾಡುತ್ತಿದ್ದನೇನೋ. ನಾಚಿಕೆಯಿಂದ ಅಳು ಬಂತು, ಅತ್ತುಬಿಟ್ಟೆ.

ಎಂಜಿನ್ ವಾಪಸ್ ಕೂರಿಸು ಎನ್ನುತ್ತಾನೆಂದು ಕಾದೆ. ಉಸಿರು ಹಿಡಿತಕ್ಕೆ ಬಂದದ್ದೇ ಅವನು ಟ್ರಕ್ಕಿನ ಕಡೆ ಕೈ ತೋರಿಸಿದ.

“ಏನ್ ಓಡ್ತಲೇ ಅದು!” ಎಂದ. “ಇನ್ನೊಂದ್ ಬ್ಯಾಟ್ರಿ ತಾ. ಕಾಯಿ ಮಾತ್ರ ತರಬ್ಯಾಡ.”

ಈಗ ದಸರೆಗೆ ಟ್ರಕ್ಕಿಗೆ ಒಣ ಕುಂಕುಮ ಅಷ್ಟೇ. ಕಾಯಿ ಒಡೆಯುವುದು ಹತ್ತು ಮಾರು ದೂರದಲ್ಲಿ.

ಕಿಟಕಿಯ ಹತ್ತಿರ ನಿಂತು ಇದನ್ನೆಲ್ಲ ನೆನೆಯುತ್ತಿರುವಾಗಲೇ ಫೋನ್ ಬಂತು. ಇವತ್ತು ಐತವಾರ.

“ತಮ್ಮಾ, ಬರ್ತಿ ಇಲ್ಲೋ? ನಾ ತಯಾರ್ ಆಗೀನಿ,” ಎಂದ ಅಣ್ಣ. ಎರಡು ಮಾತಿನ ನಡುವಿನ ಸಂದಿಗೆ ಕಿವಿಗೊಟ್ಟೆ; ಅದೇ ಪಂಕ್ಚರಾದ ಟ್ಯೂಬಿನ ಉಸಿರು.

“ಮಾಳಿಗಿ ಹತ್ತಿ ಟ್ರಕ್ ನೀನೇ ಇಳಿಸ್ದಿ ಏನು?” ಎಂದು ಕೇಳಿದೆ.

“ನಿನಗ ಹ್ಯಾಂಗ ಗೊತ್ತಾತು?”

“ಮೊದಲ ಪಂಪ್ ತೊಗೋ. ನಾ ಫೋನ್ ಇಡಂಗಿಲ್ಲ.”

ಆ ಕಡೆ ಪಂಪಿನ ಸಣ್ಣ ಸದ್ದು ಎರಡು ಸಲ ಬಂತು. ಬಟ್ಟಲಿನ ಎಣ್ಣೆ ಆರಿತು, ಹೆಂಡತಿ ಬಂದು ಕಿಟಕಿ ಮುಚ್ಚಿದಳು. ಅವನ ಉಸಿರು ಹದಕ್ಕೆ ಬರುವ ತನಕ ನಾನು ಫೋನ್ ಕಿವಿಗೆ ಒತ್ತಿಕೊಂಡೇ ನಿಂತಿದ್ದೆ.