ಸಂಘದ ಕಾವಲಿನ ಅಕ್ಕ

ಚುನಾವಣೆ ನಡೆಸಿ, ಜೈಲಿಗೆ ಹಾಕಿದವರನ್ನು ಬಿಡಿ ಎಂದು ಒಟ್ಟಾಗಿ ಕೇಳಲು ನೆರೆಯ ಮೂರು ದೇಶಗಳ ಹುಡುಗ ಹುಡುಗಿಯರು ಕಟ್ಟಿಕೊಂಡ ಸಂಘಕ್ಕೆ ಈ ಅಕ್ಕನೇ ಕಾವಲು. ಅವಳ ವಯಸ್ಸು ಇಪ್ಪತ್ತಾರು. ಅನುಮಾನದ ವಯಸ್ಸು ಅರವತ್ತು ದಾಟಿದೆ. ಹೊಲಿಗೆ ಅಂಗಡಿಯ ಮೇಲಿನ ಕೋಣೆಗೆ ಯಾರೇ ಬರಲಿ, ಅವರ ಫೋನನ್ನು ಬಕೆಟ್ಟಿಗೆ ಹಾಕಿಸಿ, ಬಕೆಟ್ಟನ್ನು ಬಚ್ಚಲಲ್ಲಿಟ್ಟು, ಫೋನುಗಳಿಗೆ ಮಾತು ಕೇಳಿಸದಿರಲೆಂದು ಪಕ್ಕದ ನಲ್ಲಿ ತಿರುಗಿಸಿ ಬರುತ್ತಾಳೆ. ಹೊಸಬರು ಹೆಚ್ಚು ನಕ್ಕರೆ ಗೂಢಚಾರರು. ನಗದಿದ್ದರೆ ಪಳಗಿದ ಗೂಢಚಾರರು. ಪಕ್ಕದ ದೇಶದ ಗೆಳತಿ ಪರದೆಯ ಮೇಲೆ ಕಾಣಿಸಿಕೊಂಡರೂ, "ಕ್ಯಾಮೆರಾ ತಿರುಗಿಸಮ್ಮ, ಬಾಗಿಲ ಹಿಂದೆ ಯಾರಿದ್ದಾರೆ ನೋಡೋಣ" ಎನ್ನುತ್ತಾಳೆ. ಒಮ್ಮೆ ಅಲ್ಲೊಂದು ಕೋಟು ನೇತಾಡುತ್ತಿತ್ತು. ಅದರ ಜೇಬುಗಳನ್ನೂ ಹೊರಗೆಳೆಸಿ ನೋಡಿದಳು. ಮೊನ್ನೆ ಗಡಿ ದಾಟಿ ಬಂದ ವಿದ್ಯಾರ್ಥಿಯೊಬ್ಬ ಇದನ್ನೆಲ್ಲ ಕಂಡು ರೇಗಿದ: "ಅಕ್ಕಾ, ನಿಮಗೆ ಯಾರ ಮೇಲೂ ನಂಬಿಕೆ ಇಲ್ವಾ?" ಅಕ್ಕ ಬಾಗಿಲ ಚಿಲಕ ಹಾಕಿ ಬಂದಳು. "ಮೂರು ವರ್ಷದ ಹಿಂದೆ ಪೊಲೀಸ್ರು ನನ್ನನ್ನ ಹಿಡ್ಕೊಂಡು ಹೋಗಿದ್ರು. ಬಾಯಿ ಬಿಡಲ್ಲ ಅಂತ ಆಣೆ ಮಾಡಿದ್ದೆ. ಎರಡನೇ ದಿನಕ್ಕೇ ಒಬ್ಬನ ಹೆಸರು ಹೇಳ್ಬಿಟ್ಟೆ. ಅವನು ಇನ್ನೂ ಒಳಗಿದ್ದಾನೆ." ಹುಡುಗನ ಸಿಟ್ಟು ಇಳಿದುಹೋಯಿತು. "ಆದ್ರೂ ನಾನು ನಿಮ್ಮನ್ನ ನಂಬ್ತೀನಿ ಅಕ್ಕಾ. ನನ್ನ ಹೆಸರು..." ಎಂದು ಕೈ ಚಾಚಿದ. ಅಕ್ಕ ಥಟ್ಟನೆ ಅವನ ಬಾಯಿಗೆ ಕೈ ಅಡ್ಡ ಹಿಡಿದಳು. "ಬೇಡ ಕಣೋ. ಅದೊಂದನ್ನ ನಂಗೆ ಹೇಳ್ಬೇಡ."