ಮಡಿನೀರು ಕುಡಿದ ವರ್ಷ

ಸೋಲಾಪುರದ ನವಿ ಪೇಠದಲ್ಲಿ ನಮ್ಮಪ್ಪನ ಅರಿವೆ ಅಂಗಡಿ. ಬಟ್ಟೆಯ ತಾನುಗಳ ನಡುವೆ ಬೆಳೆದವಳು ನಾನು. ಕಣ್ಣು ಮುಚ್ಚಿ ಮುಟ್ಟಿದರೂ ಸಾಕು, ಯಾವ ನೂಲು, ಎಷ್ಟು ಗಂಜಿ ಎಂದು ಹೇಳಬಲ್ಲೆ ಎಂಬ ಜಂಬ ನನಗಿತ್ತು. ಮದುವೆಯಾಗಿ ಅಕ್ಕಲಕೋಟೆಯ ಹತ್ತಿರದ ಹಳ್ಳಿಗೆ, ಒಕ್ಕಲುತನದ ದೊಡ್ಡ ಮನೆಗೆ ಬಂದ ಮೇಲೆ ಅದು ಸ್ವಲ್ಪವಾದರೂ ಇಳಿಯಬೇಕಾಗಿತ್ತು. ಇಳಿಯಲಿಲ್ಲ. ಇಳಿದಿದ್ದರೆ ಒಂದು ವರ್ಷ ನಾನು ಪಟ್ಟ ಸಂಕಟ ತಪ್ಪುತ್ತಿತ್ತು.

ಊರಿಗೆಲ್ಲ ಕುಡಿಯುವ ನೀರಿನ ಬಾವಿ ಒಂದೇ. ಪಾವಟಿಗೆ ಇಳಿದು ಹೋಗಿ, ಮೊಣಕಾಲುಮಟ ನೀರಿನಲ್ಲಿ ನಿಂತು ಕೊಡ ತುಂಬಬೇಕು. ಬೇಸಿಗೆಯಲ್ಲಿ ಬಾವಿ ತಳ ಕಾಣುವ ಹೊತ್ತಿಗೆ ಊರಲ್ಲಿ ನಾರು ಹುಣ್ಣು ಏಳುತ್ತಿತ್ತು. ಈಗಿನ ಮಕ್ಕಳಿಗೆ ಅದೇನೆಂದು ಗೊತ್ತಿಲ್ಲ, ಗೊತ್ತಿಲ್ಲದಿರುವುದೇ ಒಳ್ಳೆಯದು. ಕಾಲಿನಲ್ಲಿ ಒಂದು ಗುಳ್ಳೆ ಎದ್ದು ಉರಿಯುತ್ತದೆ. ಅದು ಒಡೆದರೆ ಒಳಗಿನಿಂದ ಬಿಳಿ ದಾರದಂಥ ಹುಳದ ತುದಿ ಹೊರಬರುತ್ತದೆ. ಆ ತುದಿಯನ್ನು ಕಡ್ಡಿಗೆ ಸುತ್ತಿ ದಿನಕ್ಕೊಂದು ಬೆರಳಷ್ಟು ಎಳೆಯಬೇಕು. ಅವಸರ ಮಾಡಿದರೆ ಹರಿಯುತ್ತದೆ, ಹರಿದರೆ ಕಾಲು ಬಾತು ಕೀವಾಗುತ್ತದೆ. ನನ್ನ ಗಂಡನ ಅಣ್ಣನಿಗೆ ಚಿಕ್ಕಂದಿನಲ್ಲಿ ಮೊಣಕಾಲಿನ ಹತ್ತಿರ ಹಾಗೆ ಹರಿದು, ಆ ಕಾಲು ಮತ್ತೆ ಮಡಚಲೇ ಇಲ್ಲ. ಪಂಕ್ತಿಯಲ್ಲಿ ಅವರೊಬ್ಬರೇ ಕಾಲು ಚಾಚಿಕೊಂಡು ಊಟಕ್ಕೆ ಕೂಡುತ್ತಿದ್ದರು.

ಮೂವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಒಂದು ಚೈತ್ರದಲ್ಲಿ ಅಕ್ಕಲಕೋಟೆಯಿಂದ ಒಬ್ಬ ಡಾಕ್ಟರು ಬಂದು, ಬಾವಿಯ ನೀರನ್ನು ಗಾಜಿನ ಲೋಟದಲ್ಲಿ ತುಂಬಿ ಬಿಸಿಲಿಗೆ ಹಿಡಿದರು. ಹೆಂಗಸರೆಲ್ಲ ಮೂಗು ತಾಗಿಸಿಕೊಂಡು ನೋಡಿದೆವು. ನೀರಿನಲ್ಲಿ ಎಳ್ಳಿನ ಚೂರಿಗಿಂತ ಸಣ್ಣವೇನೋ ಜಿಗಿದಾಡುತ್ತಿದ್ದವು.

"ಇವುರ ಹೊಟ್ಟಿಯೊಳಗ ನಾರಿನ ಬೀಜ ಇರ್ತದ್ರಿ ಬಾಯಿ," ಎಂದರು ಡಾಕ್ಟರು. "ಇವತ್ತ ಕುಡದ್ರ ಬರೂ ವರ್ಷ ಕಾಲಾಗ ಏಳ್ತದ. ಎರಡ ಪದರ ದಟ್ಟ ಬಟ್ಟಿಯೊಳಗ ಸೋಸಿ ಕುಡೀರಿ. ನಾರ ಎದ್ದವರು ಬಾವಿಗಿ ಇಳೀಬ್ಯಾಡ್ರಿ, ಅವರ ಹುಣ್ಣಿನಿಂದನ ಬೀಜ ನೀರಿಗಿ ಬೀಳ್ತದ. ಇಷ್ಟ ಮಾಡ್ರಿ, ಸಾಕು."

ಬಟ್ಟೆ ಎಂಬ ಮಾತು ಕೇಳಿದ್ದೇ ತಡ, ನನಗೆ ರೆಕ್ಕೆ ಬಂದವು. ಅದೇ ವಾರ ತವರಿಗೆ ಹೋಗಿ, ಅಪ್ಪನ ಅಂಗಡಿಯಿಂದ ಮಾಂಜರಪಾಟದ, ಎಂದರೆ ಒರಟು ಕೋರಾ ಬಟ್ಟೆಯ, ಅರ್ಧ ತಾನು ಹೊತ್ತು ತಂದೆ. ಆಳುಗಳ ಕೊಡಕ್ಕೊಂದು, ಅಡಿಗೆಮನೆಯ ಹಂಡೆಗೊಂದು, ದನದ ಮನೆಯ ಬಾನಿಗೊಂದು ಎಂದು ತುಂಡು ಕತ್ತರಿಸಿ ಬಾಯಿಗೆ ಕಟ್ಟಿದೆ. ದನಗಳಿಗೆ ನಾರು ಏಳುವುದಿಲ್ಲವೆಂದು ನಮ್ಮವರು ನಕ್ಕರು. ನಗಲಿ ಎಂದುಕೊಂಡೆ.

ಉಳಿದದ್ದು ನಮ್ಮತ್ತೆಯ ತಾಮ್ರದ ಕೊಡ. ಅವರು ಬೆಳಗ್ಗೆ ತಣ್ಣೀರು ಸುರಿದುಕೊಂಡು, ಮಡಿಯುಟ್ಟು, ತಾವೇ ಬಾವಿಗೆ ಇಳಿದು ಮಡಿನೀರು ತರುತ್ತಿದ್ದರು. ದೇವರಿಗೆ ಅದೇ, ಅವರ ಅಡಿಗೆಗೆ ಅದೇ, ಕುಡಿಯಲಿಕ್ಕೂ ಅದೇ. ಆ ಕೊಡವನ್ನು ಇನ್ನೊಬ್ಬರು ಮುಟ್ಟುವಂತಿರಲಿಲ್ಲ. ನಾನು ತುಂಡು ಬಟ್ಟೆ ಹಿಡಿದು ಹೋದಾಗ ಅವರು ಬಗ್ಗಿ ಅದರ ಅಂಚು ಮೂಸಿದರು.

"ಇದಕ್ಕ ಗಂಜಿ ಹಚ್ಚ್ಯಾರಲ್ಲ?"

"ಹೊಸಾ ಬಟ್ಟಿಗಿ ಹಚ್ಚಿರ್ತಾರ್ರಿ."

"ಗಂಜಿ ಅಂದ್ರ ಬೇಯಿಸಿದ್ದು. ಬೇಯಿಸಿದ್ದು ಅಂದ್ರ ಮುಸುರಿ. ದೇವರ ನೀರಿಗಿ ಮುಸುರಿ ಮುಟ್ಟಸ್ತೀ ಏನ? ಪ್ಯಾಟಿಯವರಿಗಿ ಅಷ್ಟೂ ತಿಳೀದಿಲ್ಲ?"

"ತೊಳದ ಕೊಡ್ತೀನ್ರಿ."

"ಮುಸುರಿ ತೊಳದ್ರ ಮಡಿ ಆಗ್ತದೇನ?"

ನನಗೆ ಮೈಯೆಲ್ಲ ಉರಿಯಿತು. ಬಟ್ಟೆಯ ವಿಷಯದಲ್ಲಿ ನನಗೇ ಪಾಠವೇ? ಅವರು ಕೇಳಿದ್ದರಲ್ಲೇ ಉತ್ತರವಿತ್ತು, ಆದರೆ ನನಗೆ ಬೇಕಾದದ್ದು ಉತ್ತರವಲ್ಲ, ಗೆಲುವು. ಅದು ಸಿಗಲಿಲ್ಲವೆಂದು ಬಟ್ಟೆ ಮಡಚಿಕೊಂಡು ಬಂದೆ. ಅವರ ನೀರು, ಅವರ ಕಾಲು, ನನಗೇನು ಎಂದುಕೊಂಡೆ. ಹಾಗೆ ಅಂದುಕೊಂಡದ್ದನ್ನು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ.

ವೈಶಾಖದ ಒಂದು ಮಧ್ಯಾಹ್ನ ಹಪ್ಪಳ ಹರವಲು ಮಾಳಿಗೆಗೆ ಹೊರಟವಳು ದೇವರ ಕೋಣೆಯ ಹೊಸ್ತಿಲಲ್ಲಿ ನಿಂತೆ. ನನ್ನ ನಾಲ್ಕು ವರ್ಷದ ಮಗಳು ಅಜ್ಜಿಯ ಗಿಂಡಿಯನ್ನು ಎರಡೂ ಕೈಯಲ್ಲಿ ಹಿಡಿದು ಗಟಗಟ ಕುಡಿಯುತ್ತಿದ್ದಳು. ಗದ್ದದಿಂದ ನೀರು ಸುರಿದು ಲಂಗ ತೊಯ್ದಿತ್ತು.

"ಏನ ಮಾಡಾಕತ್ತೀ ಅಲ್ಲಿ?"

"ಆಯಿ ನೀರ ತಂಪ ಅದಾವ. ನಿನ್ನ ನೀರಿಗಿ ಅರಬಿ ವಾಸನಿ ಬರ್ತದ," ಎಂದಳು ಮಗಳು.

"ದಿನಾ ಇಲ್ಲೇ ಕುಡೀತಾಳ," ಎಂದರು ಅತ್ತೆ, ಬತ್ತಿ ಹೊಸೆಯುತ್ತ. ಅವರ ದನಿಯಲ್ಲಿ ಒಂದಿಷ್ಟು ಗೆದ್ದ ಖುಷಿ ಇತ್ತು. ನನ್ನ ಮುಖ ನೋಡಿದ ಮೇಲೆ ಅದು ಇಳಿಯಿತು. ಬತ್ತಿ ಕೈಯಲ್ಲೇ ಉಳಿಯಿತು.

ಮರುದಿನವೇ ಗಾಡಿ ಕಟ್ಟಿಸಿಕೊಂಡು ಅಕ್ಕಲಕೋಟೆಗೆ ಹೋದೆ. ಡಾಕ್ಟರು ಮಗುವಿನ ನಾಲಿಗೆ ನೋಡಲಿಲ್ಲ, ನಾಡಿ ಹಿಡಿಯಲಿಲ್ಲ. "ಈಗ ಏನೂ ಕಾಣಸೂದಿಲ್ರಿ, ಔಷಧಾನೂ ಇಲ್ಲ. ವರ್ಷ ಕಾಯಬೇಕು. ಬರೂ ವರ್ಷದ ಮಿರಗದ ಮಳಿ ಬೀಳೂತನಕ ಏನೂ ಏಳಲಿಲ್ಲ ಅಂದ್ರ ದಾಟಿದ್ಲು ಅಂತ ತಿಳೀರಿ," ಎಂದರು. ಮಿರಗವೆಂದರೆ ಮೃಗಶಿರೆಯ ಮಳೆ, ಜ್ಯೇಷ್ಠದಲ್ಲಿ ಬೀಳುವುದು. ನಾನು ಅತ್ತೆಯ ಮುಸುರೆಯ ತಂಟೆ ಹೇಳಿಕೊಂಡೆ. ಅವರು ಸ್ವಲ್ಪ ನಕ್ಕು, "ರೇಷ್ಮಿಯೊಳಗ ಸೋಸ್ಲಿಕ್ಕೆ ಹೇಳ್ರಲ್ಲ. ದಟ್ಟ ಇದ್ರಾತು," ಎಂದರು.

ರೇಷ್ಮೆ! ಮಡಿಗೆ ಉಡುವುದೇ ರೇಷ್ಮೆ, ಅದಕ್ಕೆ ಯಾವ ಮುಸುರೆಯ ಹಂಗೂ ಇಲ್ಲ. ಅಪ್ಪನ ಅಂಗಡಿಯ ಮೇಲಿನ ಸಾಲಿನಲ್ಲಿ ರೇಷ್ಮೆಯ ಮಡಿಕೆಗಳನ್ನು ದಿನಬೆಳಗಾದರೆ ಜೋಡಿಸಿಟ್ಟವಳು ನಾನೇ. ಅರಿವೆ ಅಂಗಡಿಯ ಮಗಳಿಗೆ ಅದು ಹೊಳೆಯಲಿಲ್ಲ. ಕೋರಾ ಬಟ್ಟೆಯ ಗಂಜಿ ಹೋಗುವಂತೆ ನಾಲ್ಕು ಸಲ ಕುದಿಸಿ ಒಗೆಯಬೇಕೆಂದೂ ಹೊಳೆಯಲಿಲ್ಲ. ಒಗೆದಿದ್ದರೆ ಮಗು ವಾಸನೆಗೆ ಹೇಸಿ ಅತ್ತ ಹೋಗುತ್ತಿರಲಿಲ್ಲ. ಗಾಡಿಯಲ್ಲಿ ಕೂತು ಊರು ಮುಟ್ಟುವತನಕ ನನ್ನನ್ನೇ ಬೈದುಕೊಂಡೆ.

ಅತ್ತೆ ಡಾಕ್ಟರ ಮಾತು ಪೂರಾ ಕೇಳಿದರು. ಪೆಟ್ಟಿಗೆ ತೆಗೆದು, ತಮ್ಮ ಮದುವೆಯ ರೇಷ್ಮೆ ಸೀರೆಯ ಸೆರಗನ್ನೇ ಹರಿದು ಎರಡು ಪದರ ಮಾಡಿ ಕೊಡದ ಬಾಯಿಗೆ ಕಟ್ಟಿದರು. "ಬ್ಯಾರೆ ತರ್ತಿದ್ನಲ್ರಿ," ಎಂದೆ. "ನೀ ತರೂತನಕ ಕೂಸು ನೀರ ಕುಡೀಲಾರದ ಇರ್ತದೇನ?" ಎಂದು ಗದರಿದರು.

ಆಮೇಲೆ ಕಾಯುವುದೊಂದೇ ಉಳಿಯಿತು. ಹುಳ ಒಳಗಿದೆಯೋ ಇಲ್ಲವೋ ತಿಳಿಯದೆ ಕಾಯುವುದಿದೆಯಲ್ಲ, ಅದು ಬಲು ಕೆಟ್ಟದ್ದು. ಮಗಳು ಕುಂಟುಬಿಲ್ಲೆ ಆಡಿದರೆ ಕುಂಟುತ್ತಿದ್ದಾಳೆಂದೇ ತಿಳಿದು ಓಡುತ್ತಿದ್ದೆ. ಎರೆಯುವಾಗ ಕಾಲ್ಬೆರಳ ಸಂದಿ, ಹಿಮ್ಮಡಿ, ಮೊಣಕಾಲ ಹಿಂದೆ ಎಲ್ಲ ತಡವಿ ನೋಡುತ್ತಿದ್ದೆ. ಒಂದು ಮಧ್ಯಾಹ್ನ ಮಗು ಮಲಗಿದ್ದಾಗ ಒಳಗೆ ಹೋದರೆ, ಅತ್ತೆ ಅವಳ ಪಾದಗಳನ್ನು ತೊಡೆಯ ಮೇಲಿಟ್ಟುಕೊಂಡು ಬೆರಳಿನಿಂದ ಒತ್ತಿ ನೋಡುತ್ತಿದ್ದರು. ನನ್ನನ್ನು ಕಂಡು ಸೊಳ್ಳೆ ಹೊಡೆಯುವವರ ಹಾಗೆ ಕೈಯಾಡಿಸಿದರು. ನಾನೂ ಕಾಣದವಳ ಹಾಗೆ ಹೊರಗೆ ಬಂದೆ. ಅವತ್ತು ಮೊದಲ ಸಲ ಅವರ ಮೇಲಿನ ಸಿಟ್ಟು ಕರಗಿತು.

ಮರುವರ್ಷದ ಚೈತ್ರದಲ್ಲಿ ಮಗಳ ಹಿಮ್ಮಡಿಯ ಮೇಲೆ ಗುಳ್ಳೆ ಎದ್ದಿತು. ನಾನು ಅನ್ನ ಬಿಟ್ಟೆ. ಅತ್ತೆ ಕಡ್ಡಿ ಕೆತ್ತಿ ಇಟ್ಟುಕೊಂಡರು. ಭಾವ ತಮ್ಮ ಸೆಟೆದ ಕಾಲು ಎಳೆದುಕೊಂಡು ಬಂದು ಮಗುವಿನ ಪಕ್ಕ ಕೂತರು. ಮೂರನೆಯ ದಿನ ಗುಳ್ಳೆ ಒಡೆಯಿತು. ಒಳಗೆ ಬರೀ ನೀರು. ನಮ್ಮಪ್ಪ ಮೊಮ್ಮಗಳಿಗೆಂದು ಕಳಿಸಿದ್ದ ಹೊಸ ಚಪ್ಪಲಿ ಕಚ್ಚಿತ್ತು! ಚಪ್ಪಲಿಯನ್ನು ತಿಪ್ಪೆಗೆ ಎಸೆದು, ಮನೆಮಂದಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ವೈಶಾಖ ಕಳೆಯಿತು. ಜ್ಯೇಷ್ಠದ ಒಂದು ಮುಂಜಾನೆ ಮಿರಗದ ಮೊದಲ ಮಳೆ ಸುರಿದು ನಿಂತಿತ್ತು. ಎದ್ದವಳೇ ಮುಖಕ್ಕೆ ನೀರು ಹಾಕಿಕೊಂಡು, ಮಗಳ ಕೈ ಹಿಡಿದುಕೊಂಡು ಮನೆಬಳಕೆಯ ನೀರಿಗೆ ಬಾವಿಗೆ ಹೋದೆ. ಅಲ್ಲಿ ಮೇಲಿನ ಪಾವಟಿಗೆಯ ಮೇಲೆ ಅತ್ತೆ ಕೂತಿದ್ದರು, ಮಗ್ಗುಲಲ್ಲಿ ಖಾಲಿ ತಾಮ್ರದ ಕೊಡ. ಸೀರೆ ಸ್ವಲ್ಪ ಮೇಲೆ ಸರಿದಿತ್ತು. ಕಣಕಾಲಿಗೆ ಬೇವಿನೆಲೆ ಕಟ್ಟಿ, ಮೇಲೆ ಅರಿವೆ ಸುತ್ತಿದ್ದರು. ಅರಿವೆಯ ಸಂದಿಯಿಂದ ಕಡ್ಡಿಯ ತುದಿ ಕಾಣುತ್ತಿತ್ತು.

"ಎಷ್ಟ ದಿನ ಆತ್ರಿ?" ಎಂದೆ.

"ಎಂಟ ದಿವಸ. ಇಳಿದಿಲ್ಲ ನಾ ಬಾವಿಗಿ. ಮಿಂದು ಬಂದವರು ಯಾರರೆ ತುಂಬಿ ಕೊಡ್ತಾರ. ಇವತ್ತ ಮಳಿಗಿ ಯಾರೂ ಬಂದಿಲ್ಲ."

"ನನಗ ಹೇಳಬಾರದೇನ್ರಿ?"

"ಹೇಳಿದ್ರ ಕೂಸಿಗೂ ಏಳ್ತದ ಅಂತ ಎದಿ ಒಡಕೋತಿದ್ದಿ. ಮಿರಗ ಬೀಳ್ಲಿ ಅಂತ ಸುಮ್ಮನಿದ್ದೆ." ಮೊಮ್ಮಗಳನ್ನು ಹತ್ತಿರ ಎಳೆದುಕೊಂಡು, ಕೆಸರು ಮೆತ್ತಿದ ಎರಡೂ ಪಾದಗಳನ್ನು ತಮ್ಮ ಮಡಿಸೀರೆಯ ಮೇಲೆ ಇಟ್ಟುಕೊಂಡರು. ಒಂದೊಂದೇ ಬೆರಳು ಒತ್ತಿ ನೋಡಿದರು. ಮಗಳು ಕಚಗುಳಿಯಾಗಿ ಕಿಲಕಿಲ ನಕ್ಕಳು. "ಚೊಲೊ ಅದಾವ. ದಾಟಿದ್ಲು. ಮಿರಗ ಬಂತು, ಇಕಿ ದಾಟಿದ್ಲು."

ನಾನು ಅಲ್ಲೇ ಒದ್ದೆ ಕಲ್ಲಿನ ಮೇಲೆ ಕೂತು ಅತ್ತುಬಿಟ್ಟೆ. ಒಂದು ವರ್ಷ ಕಟ್ಟಿಟ್ಟದ್ದೆಲ್ಲ ಹೊರಗೆ ಬಂತು. ಮೈ ಹತ್ತಿಯಷ್ಟು ಹಗುರಾಯಿತು. ಅವರ ಕಾಲು ನೋಡಿ ಅಳುತ್ತಿದ್ದೇನೆಯೋ ಮಗಳ ಕಾಲು ನೋಡಿಯೋ ನನಗೇ ತಿಳಿಯಲಿಲ್ಲ.

"ಸಾಕ ಮಾಡು," ಎಂದರು ಅತ್ತೆ. "ದೇವರು ನೀರಿಲ್ಲದ ಕುಂತಾನ. ಇಳಿ, ಇಳಿದು ತುಂಬು," ಎಂದು ತಾಮ್ರದ ಕೊಡವನ್ನು ನನ್ನ ಕೈಗೇ ಕೊಟ್ಟರು. ನನ್ನದಿನ್ನೂ ಸ್ನಾನವಾಗಿರಲಿಲ್ಲ. ಅದು ಅವರಿಗೆ ಗೊತ್ತಿತ್ತು.