ತೋಳದ ಗವಿ ಮತ್ತು ನನ್ನ ಫೋಟೊ

“ತ್ವಾಳ ಮರಿ ಹಾಕಿದ ಗವಿ ಯಾರಿಗೂ ಹೇಳಬ್ಯಾಡ್ರಿ. ಹೊಗಿ ಹಾಕಿ ಕೊಲ್ತಾರ. ಅದೂ ಬಾಣಂತಿ ಅದ.”

ಬಾಣಂತನದಲ್ಲೇ ತೀರಿಕೊಂಡ ನನ್ನ ಹೆಂಡತಿ ಕೊನೆಗೆ ಆಡಿದ ಮಾತು ಇಷ್ಟೇ. ನನ್ನ ಬಗ್ಗೆಯೂ ಏನಾದರೂ ಅಂತಾಳೇನೋ ಎಂದು ಕಾದೆ. ಅನ್ನಲಿಲ್ಲ.

ಅವಳು ಹೋಗಿ ತಿಂಗಳಾಗಿರಲಿಲ್ಲ. ಶಹಾಪುರದ ಗುಡ್ಡದಲ್ಲಿ ಕುರಿ ಮೇಯಿಸುತ್ತಿದ್ದೆ. ಯಾದಗಿರಿಯಿಂದ ಕ್ಯಾಮೆರಾ ಹಿಡಿದ ಸಾಹೇಬನೊಬ್ಬ ಬಂದ.

“ಕಾಕಾ, ಇಲ್ಲಿ ತ್ವಾಳ ಎಲ್ಲಿ ಅದ?”

“ಗೊತ್ತಿಲ್ರಿ ಸಾಹೇಬ್ರ.”

“ನಿಜಾಮನ ರಾಜ್ಯ ಹೋತು. ಇನ್ನ ಎಲ್ಲಾ ಮಂದೀದು. ಏನೂ ಮುಚ್ಚಿಡಬಾರದು.”

“ಆ ಸುದ್ದಿ ತ್ವಾಳಕ್ಕ ಇನ್ನಾ ಮುಟ್ಟಿಲ್ರಿ.”

ಅವನು ನಕ್ಕ. “ಹೋಗ್ಲಿ ಬಿಡು. ನಿಂದಾ ಒಂದು ಫೋಟೊ ತೆಗಿತೀನಿ.”

ನಾನು ಉಬ್ಬಿಹೋದೆ. ರುಮಾಲು ಬಿಚ್ಚಿ ಮತ್ತೆ ಸುತ್ತಿದೆ. ಮೀಸೆಗೆ ಉಗುಳು ಹಚ್ಚಿ ತಿರುವಿದೆ. ಬಂಡೆಯ ಮೇಲೆ ಕುಳಿತೆ.

“ಎತ್ತಾಗ ನೋಡ್ಲಿರಿ?”

“ದಿನಾ ಎತ್ತಾಗ ನೋಡ್ತಿ, ಅತ್ತಾಗ ನೋಡು.”

ನೋಡಿದೆ. ಸಾಹೇಬನೂ ಅತ್ತಲೇ ತಿರುಗಿದ. ಗವಿಯ ಬಾಯಲ್ಲಿ ಮೂರು ಮರಿ ಆಡುತ್ತಿದ್ದವು. ನಾನು ತುಟಿ ಬಿಚ್ಚದೆ ಎಲ್ಲಾ ಹೇಳಿಬಿಟ್ಟಿದ್ದೆ.

“ನಾಡಿದ್ದು ದೋಸ್ತರನ್ನ ಕರ್ಕೊಂಡು ಬರ್ತೀನಿ. ಊರಾಗ ಎಲ್ಲರಿಗೂ ತೋರಸ್ತೀನಿ,” ಎಂದು ಸಾಹೇಬ ಖುಷಿಯಿಂದ ಹೋದ.

ಮರುದಿನ ನಸುಕಿನಲ್ಲಿ ಗವಿಯ ಮುಂದೆ ಕುಳಿತು ಒಂದು ಕಟ್ಟು ಬೀಡಿ ಸೇದಿದೆ. ಮನುಷ್ಯರ ವಾಸನೆ ಹತ್ತಿದರೆ ತಾಯಿ ತೋಳ ಜಾಗ ಬದಲಿಸುತ್ತದೆ. ಆಮೇಲೆ ದೂರ ಸರಿದು ಕಾದೆ. ಬಿಸಿಲೇರುವಾಗ ಅದು ಮೊದಲ ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಹೊರಬಂತು.

ನನ್ನ ಕಣ್ಣಿನ ಮೇಲೆ ನನಗೇ ಭರವಸೆ ಇರಲಿಲ್ಲ. ಅದು ಎತ್ತ ಹೋಗುತ್ತದೆಂದು ನೋಡದೆ, ಬೆನ್ನು ತಿರುಗಿಸಿ ಕುಳಿತೆ.